ಭೂತಕಾಲದ ಪಾಠ

ಅಶ್ವಿನಿ ಹಾಳೆ ಹಿಡಿದು ಎದ್ದು ನಿಂತಾಗ ಅವಳ ಅಪ್ಪ ಗುರುಬಸವ ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದ. ವಾಳೂಜಿನ ಕಾರ್ಖಾನೆಯ ನೀಲಿ ಅಂಗಿ ಬದಲಿಸಲೂ ಪುರುಸೊತ್ತಾಗಿರಲಿಲ್ಲ. "ನೀವ್ ಬರೋದ್ ಬ್ಯಾಡ್ರಿ ಪಪ್ಪಾ, ಡೈರಿ ಮ್ಯಾಲ ಸಹಿ ಮಾಡಿದ್ರ ಸಾಕು," ಎಂದು ಮಗಳು ಬೆಳಿಗ್ಗೆ ಎರಡು ಸಲ ಹೇಳಿದ್ದಳು. ಪಾಲಕರ ಸಭೆ ಎಂದ ಮೇಲೆ ಒಬ್ಬರಾದರೂ ಹೋಗಬೇಡವೇ ಎಂದು ಅವನು ಅರ್ಧ ದಿನ ರಜೆ ಹಾಕಿ ಬಂದಿದ್ದ.

ಫ್ರೆಂಚ್, ಇಂಗ್ಲಿಷ್ ಎರಡರಲ್ಲೂ ಪಾಠ ಹೇಳುವ ಈ ಶಾಲೆಗೆ ಕಂಪನಿಯವರು ವರ್ಷಕ್ಕೆ ಇಬ್ಬರು ಕಾರ್ಮಿಕರ ಮಕ್ಕಳನ್ನು ಕಳಿಸುತ್ತಿದ್ದರು. ಹಟ ಹಿಡಿದು ಅರ್ಜಿ ಹಾಕಿಸಿದ್ದು ಹೆಂಡತಿ ವಿಜಯಶ್ರೀ. ಬಿಟ್ಟುಬಂದ ಬೀದರ್‌ನ ಕನ್ನಡ, ಇಲ್ಲಿನ ಓಣಿಯ ಮರಾಠಿ, ಟೀವಿಯ ಹಿಂದಿ ಸಾಲದೆಂದು ಇದೊಂದು ಬೇರೆ ಎಂದು ಅವನು ಚೇಷ್ಟೆ ಮಾಡಿದ್ದ. ಎಂಟನೆಯ ತರಗತಿಗೆ ಸೀಟು ಸಿಕ್ಕಿತು. ಮೇ ತಿಂಗಳಲ್ಲಿ ವಿಜಯಶ್ರೀ ಕಾಮಾಲೆಯಾಗಿ ಹನ್ನೊಂದೇ ದಿನಕ್ಕೆ ತೀರಿಕೊಂಡಳು. ಜೂನ್‌ನಲ್ಲಿ ಶಾಲೆ ಶುರುವಾಯಿತು.

ಅಂದಿನಿಂದ ಅಶ್ವಿನಿ ಮನೆಯಲ್ಲಿ ತಾಯಿಯ ಮಾತೆತ್ತಿರಲಿಲ್ಲ. ಅತ್ತಿರಲೂ ಇಲ್ಲ. ಒಂದು ಸಲ ಅತ್ತುಬಿಟ್ಟರೆ ಸಾಕಿತ್ತು ಎಂದು ಅವನ ಜೀವ ಹಂಬಲಿಸುತ್ತಿತ್ತು. ಬೈಕಿನಲ್ಲಿ ಮೂವರು ಹೋಗುವಾಗ ನಡುವೆ ಇಕ್ಕಟ್ಟಾಗಿ ಕೂರುತ್ತಿದ್ದ ಹುಡುಗಿ ಈಗಲೂ ಹಾಗೆಯೇ ಅವನ ಬೆನ್ನಿಗೆ ಅಂಟಿ ಕೂರುತ್ತಿದ್ದಳು. "ಹಿಂದ ಸರಿಯವ್ವಾ, ಜಾಗಾ ಅದಲ್ಲ," ಎಂದು ಅವನು ದಿನಾ ಹೇಳುತ್ತಿದ್ದ. ಅವಳು ಸರಿಯುತ್ತಿರಲಿಲ್ಲ.

"ಮಾ ಮೇರ್..." ಎಂದು ಅಶ್ವಿನಿ ಫ್ರೆಂಚ್‌ನಲ್ಲಿ ಓದತೊಡಗಿದಳು.

ಗುರುಬಸವನಿಗೆ ಅದು ಹಿಂದಿಯ 'ಮಾ, ಮೇರಿ' ಎಂದೇ ಕೇಳಿಸಿತು. ತನ್ನ ಕಿವಿಯೇ ಸರಿಯಿಲ್ಲ ಎಂದುಕೊಂಡ. ಆಮೇಲೆ ವಿಜಯಶ್ರೀ ಎಂಬ ಹೆಸರು ಬಂತು. ರೊಟ್ಟಿ ಬಂತು. ಓದುತ್ತಲೇ ಮಗಳ ಕೈ ಗಾಳಿಯಲ್ಲಿ ಎರಡು ಸಲ ರೊಟ್ಟಿ ಬಡಿಯಿತು. ಮಕ್ಕಳು ನಕ್ಕರು, ಅವಳೂ ನಕ್ಕಳು. ನಾಲ್ಕು ತಿಂಗಳ ಮೇಲೆ ಅವನು ಆ ನಗು ಕಂಡ.

ಮುಗಿದ ಮೇಲೆ ಫ್ರೆಂಚ್ ಮೇಡಂ ಅವನ ಬಳಿ ಬಂದು, ಮಗಳು ಬರೆದದ್ದನ್ನು ಹಿಂದಿಯಲ್ಲಿ ಬಿಡಿಸಿ ಹೇಳಿದರು. 'ಮಾ ಮೇರ್' ಎಂದರೆ ನನ್ನ ಅಮ್ಮ. ಅಮ್ಮ ಐದಕ್ಕೆ ಏಳುತ್ತಾಳೆ. ಅವಳು ರೊಟ್ಟಿ ಬಡಿಯುವ ಸದ್ದಿಗೆ ನನಗೆ ಎಚ್ಚರವಾಗುತ್ತದೆ. ನನ್ನ ಬೈತಲೆ ಸೊಟ್ಟಾದರೆ ಪೂರಾ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಾಳೆ.

"ಮಿಸೆಸ್ ನಹೀ ಆಯೀ?" ಎಂದು ಕೇಳಿದರು.

ಅಶ್ವಿನಿ ಮೇಡಂ ಹಿಂದೆ ನಿಂತಿದ್ದಳು. ಅವಳ ಕೈಯಲ್ಲಿ ಹಾಳೆ ಸುರುಳಿಯಾಗುತ್ತಿತ್ತು. ಗುರುಬಸವ ಅವಳ ಬೈತಲೆ ನೋಡಿದ. ಬೆಳಿಗ್ಗೆ ಅವನೇ ತೆಗೆದದ್ದು, ಸೊಟ್ಟಗಿತ್ತು.

"ಗಾಂವ್ ಗಯೀ ಹೈ, ಮೇಡಂ," ಎಂದ.

ಇಬ್ಬರೂ ಬೈಕಿನ ಹತ್ತಿರ ಬಂದರು.

"ಮೇಡಂಗ ಯಾಕ ಹೇಳಿಲ್ಲವ್ವಾ?"

ಅಶ್ವಿನಿ ಚೀಲದ ಪಟ್ಟಿ ಸರಿಮಾಡಿಕೊಂಡಳು. "ಫ್ರೆಂಚ್‌ನ್ಯಾಗ ನಮಗ ಇನ್ನಾ ಪಾಸ್ಟ್ ಟೆನ್ಸ್ ಕಲ್ಸಿಲ್ರಿ ಪಪ್ಪಾ."

ಹಿಂದಿಯಲ್ಲಿ ಬರುತ್ತದಲ್ಲ ಎನ್ನಹೋದವನು ಜೇಬಿನಿಂದ ಬೈಕಿನ ಕೀಲಿ ತೆಗೆದ. ಊರಿಗೆ ಹೋಗಿದ್ದಾಳೆಂದು ಈಗಷ್ಟೇ ಹೇಳಿ ಬಂದವನು ಅವನೇ.

"ಯಾವಾಗ ಕಲಸ್ತಾರ?"

"ದಿವಾಳಿ ಸೂಟಿ ಆದ ಮ್ಯಾಲ."

ಗುರುಬಸವ ಬೈಕ್ ಹತ್ತಿದ. ಅಶ್ವಿನಿ ಎಂದಿನಂತೆ ಅವನ ಬೆನ್ನಿಗೆ ಅಂಟಿ ಕೂತಳು. ಅವಳ ಹಿಂದೆ ಸೀಟು ಖಾಲಿ ಉಳಿಯಿತು. ಇವತ್ತು ಅವನು ಹಿಂದೆ ಸರಿ ಎನ್ನಲಿಲ್ಲ. ತಾನೇ ಟ್ಯಾಂಕಿನ ಕಡೆಗೆ ಇನ್ನಷ್ಟು ಮುಂದೆ ಸರಿದ. ಅವಳೂ ಸರಿದಳು.