ರಸ್ತೆಯ ಈ ಬದಿಯ ಸಮಾನತೆ

ಆ ನಿಲ್ದಾಣಕ್ಕೆ ಬರುವ ಬಸ್ ಚಾಲಕರಲ್ಲಿ ಹೆಂಗಸು ಎಂದರೆ ಅವಳೊಬ್ಬಳೇ. ಒಂದು ಮಧ್ಯಾಹ್ನ, ಬಿಡುವಿನಲ್ಲಿ ಸೊಂಟ ನೆಟ್ಟಗೆ ಮಾಡಿಕೊಳ್ಳೋಣವೆಂದು ಚಾಲಕರ ವಿಶ್ರಾಂತಿ ಕೋಣೆಗೆ ಹೋದಳು. ಕೋಣೆ ನಡೆಸುತ್ತಿದ್ದ ಖಾಸಗಿ ಕಂಪನಿಯ ಮೇಲ್ವಿಚಾರಕ ಬಾಗಿಲಿಗೆ ಅಡ್ಡ ನಿಂತ.

“ಇದು ಗಂಡಸರಿಗೆ ಮಾತ್ರ.”

“ಮಂಚ ಖಾಲಿ ಇದೆಯಲ್ಲಪ್ಪ.”

“ಮಂಚ ಖಾಲಿ ಇದೆ. ಕಂಪನಿಯವರ ನಿಯಮ ಇದೆಯಲ್ಲ.”

ಅವಳು ಬಸ್ಸಿಗೆ ಮರಳಿ ಸ್ಟೇರಿಂಗಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಹಣೆ ಜಾರಿ ಹಾರನ್ ಮೇಲೆ ಬಿತ್ತು. ಒಳಗೆ ಮಲಗಿದ್ದ ಗಂಡಸರೆಲ್ಲ ಎದ್ದು ಕೂತರು.

ಸಂಜೆ ನೇರ ತಂಗಿಯ ಮನೆಗೆ ಹೋದಳು. ತಂಗಿಯ ಗಂಡ ವಕೀಲ; ಊಟಕ್ಕೆ ಕೂತಿದ್ದ.

“ಸಂವಿಧಾನದಲ್ಲಿ ಎಲ್ಲರೂ ಸಮಾನ ಅಂತ ಇದೆಯಲ್ಲ?”

“ಇದೆ ಅತ್ತಿಗೆ. ಆದ್ರೆ ಅದು ಸರ್ಕಾರಕ್ಕೆ ಹೇಳಿದ ಮಾತು. ಕಂಪನಿಯವರು ನಮಗಲ್ಲ ಅಂತ ಕೈ ಕೊಡವಿಬಿಡ್ತಾರೆ.”

“ಹಾಗಾದ್ರೆ ಭೇದ ಮಾಡೋ ಆಸೆ ಇರೋರು ಒಂದು ಕಂಪನಿ ಮಾಡ್ಕೊಂಡ್ರೆ ಆಯ್ತು.”

ಬಡಿಸುತ್ತಿದ್ದ ತಂಗಿಯ ಸೌಟು ಗಾಳಿಯಲ್ಲೇ ನಿಂತಿತು. “ಅಕ್ಕನಿಗೆ ಏನಾದ್ರೂ ದಾರಿ ಹೇಳಿ.”

ಹಸಿದ ವಕೀಲನಿಗೆ ಕಾನೂನು ಬೇಗ ಹೊಳೆಯಿತು. “ಆ ಕಟ್ಟಡ ಯಾರದ್ದು?”

“ನಗರಸಭೆದು. ಗುಡಿಸೋರೂ ಅವರ ಕಡೆಯೋರೇ. ಲಾಭದಲ್ಲೂ ಪಾಲಿದೆಯಂತೆ.”

“ಮತ್ತೆ ಅದನ್ನ ಮೊದಲೇ ಹೇಳೋದಲ್ವಾ? ಕಂಪನಿ ಹೆಸರಲ್ಲಿ ಅಲ್ಲಿ ಕೂತಿರೋದು ಸರ್ಕಾರವೇ. ಕೇಸ್ ಹಾಕೋಣ.”

ಸೌಟು ಕೆಳಗಿಳಿಯಿತು.

ಕೇಸು ಆಮೆಯ ಹಾಗೆ ನಡೆದರೂ ಗೆದ್ದಿತು. ನಗರಸಭೆಯ ಸೂರಿನ ಕೆಳಗೆ ಕೂತು, ನಗರಸಭೆಯೊಂದಿಗೆ ಲಾಭ ಹಂಚಿಕೊಳ್ಳುವ ಕಂಪನಿ, ಸಮಾನತೆಯ ಮಾತು ಬಂದಾಗ ಮಾತ್ರ ತಾನು ಬೇರೆ ಎನ್ನುವಂತಿಲ್ಲ, ಕೋಣೆ ಎಲ್ಲ ಚಾಲಕರಿಗೂ ತೆರೆದಿರಬೇಕು ಎಂದರು ನ್ಯಾಯಾಧೀಶರು.

ಮರುವಾರವೇ ಕಂಪನಿ ಮಂಚ, ಫ್ಯಾನು, ಮೇಲ್ವಿಚಾರಕ ಎಲ್ಲವನ್ನೂ ಎತ್ತಿಕೊಂಡು ಎದುರುಗಡೆಯ ಸ್ವಂತ ಕಟ್ಟಡಕ್ಕೆ ಹೋಯಿತು. ಅಲ್ಲಿಯೂ ಗಂಡಸರಿಗೆ ಮಾತ್ರ.

“ಅಲ್ಲಿ ಎಲ್ಲಾ ಅವರದ್ದೇ. ನಮ್ಮ ತೀರ್ಪು ರಸ್ತೆ ದಾಟಲ್ಲ ಅತ್ತಿಗೆ,” ಎಂದ ವಕೀಲ ಬೇಸರದಿಂದ.

“ಜೀಬ್ರಾ ಪಟ್ಟಿ ಇದೆಯಲ್ಲ.”

“ಸರ್ಕಾರ ಬೇರೆ ಕಾನೂನು ಮಾಡಿದ್ರೆ ದಾಟಬಹುದು. ಸದ್ಯಕ್ಕಿಲ್ಲ.”

ಆದರೆ ತೀರ್ಪಿಗೆ ಹೆದರಿದ ನಗರಸಭೆ ಹಳೆಯ ಕೋಣೆಗೆ ಹೊಸ ಮಂಚಗಳನ್ನು ಹಾಕಿಸಿತು. ಮೊದಲ ದಿನ ಅವಳು ಕಿಟಕಿಯ ಪಕ್ಕದ ಮಂಚ ಹಿಡಿದಳು. ಸ್ವಲ್ಪ ಹೊತ್ತಿಗೆ ವಯಸ್ಸಾದ ಚಾಲಕನೊಬ್ಬ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊಸ್ತಿಲಲ್ಲಿ ನಿಂತ.

“ಆ ಕಡೆ ಕಾಲಿಡೋಕೂ ಜಾಗ ಇಲ್ಲ. ಇಲ್ಲಿ ಗಂಡಸರು ಬರಬಹುದೇನಮ್ಮ?”

“ಬನ್ನಿ ಅಣ್ಣ. ಗೊರಕೆ ಮಾತ್ರ ಹೊಡೀಬೇಡಿ.”

ಅವನು ಹೊಡೆದ. ಅಷ್ಟರಲ್ಲಿ ಅವಳಿಗೆ ಗಾಢ ನಿದ್ದೆ ಹತ್ತಿತ್ತು.