ಕ್ವಾರಿಗೆ ಒಂದೆಲೆ ಊಟ

ತಿಲಕ್ ನಗರದ ಮಸೀದಿಯ ಪಕ್ಕದ ಹೆಂಚಿನ ಶೆಡ್ಡಿನಲ್ಲಿ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಊಟ ಹಾಕುತ್ತಿದ್ದರು. ಮೊಹಲ್ಲಾದ ಹೆಂಗಸರು ಸರದಿಯ ಮೇಲೆ ಬೇಯಿಸುತ್ತಿದ್ದರು, ಗಂಡಸರು ಅಕ್ಕಿ, ಸೌದೆ ಹೊಂದಿಸುತ್ತಿದ್ದರು. ಯಾರಿಗೂ ಸಂಬಳವಿಲ್ಲ. ಅನ್ನ, ಸೋರೆಕಾಯಿ ಹಾಕಿದ ಬೇಳೆಸಾರು ದಾಲ್ಚಾ, ಅಷ್ಟೇ. ಉಂಡವರು ಕೈಲಾದಷ್ಟು ಚಿಲ್ಲರೆ ಕೊಟ್ಟರೆ ಆಯಿತು. ಜಯನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದ ಕಾಲ. ಗಾರೆ ಹೊರುವವರು, ಕಲ್ಲು ಒಡೆಯುವವರೆಲ್ಲ ಅಲ್ಲಿಗೇ ಬರುತ್ತಿದ್ದರು.

ಬಡಿಸುತ್ತಿದ್ದವಳು ಜೈತೂನ್ ಬೀ, ದರ್ಜಿಯೊಬ್ಬನ ವಿಧವೆ. ಜಲ್ಲಿ ಒಡೆಯುವ ಮುನಿವೆಂಕಟಮ್ಮ ಮಾತ್ರ ಎಂದೂ ಸಾಲಿನಲ್ಲಿ ಕೂತು ಉಂಡವಳಲ್ಲ. ಎರಡು ಎಲೆ ಊಟ ಕಟ್ಟಿಸಿಕೊಂಡು, "ನಮ್ಮ ಯಜಮಾನ್ರು ಕಾಯ್ತಾ ಅವ್ರೆ ಬೂಬಮ್ಮ" ಎಂದು ಹೊರಟುಬಿಡುತ್ತಿದ್ದಳು.

ಒಂದು ದಿನ ಅವಳು ಅತ್ತ ಹೋಗುತ್ತಲೇ, ಸಾಲಿನಲ್ಲಿ ಉಣ್ಣುತ್ತಿದ್ದ ಕಲ್ಲು ಒಡೆಯುವ ಚಿಕ್ಕಬೈರಪ್ಪ ತಲೆ ಎತ್ತದೆ ಹೇಳಿದ. "ಯಾವ ಯಜಮಾನ್ರು? ಹೋದ ವರ್ಷ ಕ್ವಾರೀಲಿ ಬಂಡೆ ಕುಸೀತಲ್ಲ, ಅವಳ ಗಂಡ ತಿಮ್ಮರಾಯಪ್ಪ ಅದರ ಕೆಳಗೇ ಹೋದ. ಹೆಣಾನೂ ಸಿಗ್ಲಿಲ್ಲ."

ಮರುದಿನ ಜೈತೂನ್ ಬೀ ತಾನೂ ಬರುತ್ತೇನೆಂದು ಹೊರಟಳು. ಮುನಿವೆಂಕಟಮ್ಮ ಬೇಡವೆನ್ನಲಿಲ್ಲ. ಉರಿಬಿಸಿಲು. ಕೆಲಸ ನಿಂತುಹೋದ ಕ್ವಾರಿಯ ತಳದಲ್ಲಿ ಹಸಿರು ನೀರು. ಮುನಿವೆಂಕಟಮ್ಮ ಕುಸಿದ ಬಂಡೆಯ ಸಂದಿನ ಬಳಿ ಒಂದು ಎಲೆ ಬಿಚ್ಚಿಟ್ಟು, ಬೆನ್ನು ತಿರುಗಿಸಿ ಕೂತಳು.

"ತಿರುಗಿ ನೋಡಬ್ಯಾಡಿ. ಅವರಿಗೆ ಸಂಕೋಚ."

ಜೈತೂನ್ ಬೀಯೂ ಪಕ್ಕದಲ್ಲಿ ಹಾಗೇ ಕೂತಳು. ಒಂದು ಕಾಗೆಯೂ ಕೂಗಲಿಲ್ಲ. ಬೆನ್ನ ಹಿಂದೆ ಎಲೆ ಸರಿದ ಸದ್ದು, ನಿಧಾನವಾಗಿ ಅಗಿಯುವ ಸದ್ದು. ಸದ್ದು ನಿಂತ ಮೇಲೆ ತಿರುಗಿದರೆ ಎಲೆ ಬರಿದಾಗಿತ್ತು. ತೃಪ್ತಿಯಾಗಿ ಉಂಡವರು ಮಡಿಸುವಂತೆ ಮಡಿಸಿತ್ತು.

ಜೈತೂನ್ ಬೀ ಯಾರಿಗೂ ಹೇಳಲಿಲ್ಲ. ಎರಡನೆಯ ಎಲೆಗೆ ದಿನವೂ ಒಂದು ಸೌಟು ಹೆಚ್ಚೇ ಹಾಕಿದಳು.

ಆಮೇಲೆ ಮುನಿವೆಂಕಟಮ್ಮ ಜ್ವರ ಬಂದು ಮಲಗಿದಳು. ಗುಡಿಸಲಿಗೆ ಊಟ ಒಯ್ದರೆ ಮುಟ್ಟಲಿಲ್ಲ. "ನಂದಿರ್ಲಿ ಬೂಬಮ್ಮ. ಅವರು ಹಸ್ಕೊಂಡಿರ್ತಾರೆ" ಎಂದು ಕೈ ಹಿಡಿದುಕೊಂಡಳು.

ಜೈತೂನ್ ಬೀ ತುಟಿಯಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತ ಒಬ್ಬಳೇ ಕ್ವಾರಿಗೆ ಇಳಿದಳು. ಎಲೆ ಇಟ್ಟು ಬೆನ್ನು ಮಾಡಿ ಕೂತಳು. ಸ್ವಲ್ಪ ಹೊತ್ತಿಗೆ, ತೀರಾ ಹತ್ತಿರದಲ್ಲಿ, ಮಣ್ಣು ತುಂಬಿದ ಗಂಟಲಿನಂಥ ದನಿ ಕೇಳಿತು.

"ಅವಳು ಉಂಡ್ಲಾ?"

ಉಂಡಳು ಎಂದುಬಿಟ್ಟು ಓಡಬೇಕೆನಿಸಿತು. ಸುಳ್ಳು ಬಾಯಿಗೆ ಬರಲಿಲ್ಲ. "ಇಲ್ಲಪ್ಪ. ನಿನ್ನ ಚಿಂತೇಲಿ ಅನ್ನ ಬಿಟ್ಟವ್ಳೆ."

ದೀರ್ಘವಾದ ಉಸಿರೊಂದು ಅವಳ ಸೆರಗನ್ನು ಅಲುಗಿಸಿತು. ಅವಳು ತಿರುಗಿದಾಗ ಎಲೆಯಲ್ಲಿ ಅರ್ಧ ಅನ್ನ ಖಾಲಿಯಾಗಿ, ಉಳಿದರ್ಧ ಒಂದು ಬದಿಗೆ ಸರಿಸಿಟ್ಟಿತ್ತು. ಅದನ್ನೇ ಕಟ್ಟಿಕೊಂಡು ಗುಡಿಸಲಿಗೆ ಓಡಿದಳು. ಮುನಿವೆಂಕಟಮ್ಮ ಎಲೆ ಬಿಚ್ಚಿ ಬಹಳ ಹೊತ್ತು ನೋಡಿದಳು. ಒಂದಗುಳೂ ಬಿಡದೆ ಉಂಡಳು.

ಜ್ವರ ಇಳಿದ ಮೇಲೆ ಇಬ್ಬರೂ ಮತ್ತೆ ಕ್ವಾರಿಗೆ ಹೋದರು. ಹೊತ್ತು ಸರಿಯಿತು. ಹಿಂದೆ ಸದ್ದಿಲ್ಲ. ಕೊನೆಗೆ ತಿರುಗಿದರೆ ಅನ್ನ ಇಟ್ಟಹಾಗೇ ಇತ್ತು, ಇರುವೆಗಳು ಮುತ್ತಿದ್ದವು.

"ಹೊಂಟೋದ್ರು" ಎಂದಳು ಮುನಿವೆಂಕಟಮ್ಮ. ಬಂಡೆಗೆ ಹಣೆ ಒತ್ತಿ, ವರ್ಷದಿಂದ ಅಳದಿದ್ದದ್ದನ್ನೆಲ್ಲ ಅತ್ತಳು.

ಶೆಡ್ಡಿಗೆ ಹಿಂತಿರುಗಿದಾಗ ಪಂಕ್ತಿ ಇನ್ನೂ ಎದ್ದಿರಲಿಲ್ಲ. ಚಿಕ್ಕಬೈರಪ್ಪ ಸರಿದು ಜಾಗ ಬಿಟ್ಟ. ಮುನಿವೆಂಕಟಮ್ಮ ಕೂತಳು.