ಹೊಳೆ ತೋರಿಸಿದ ಸೀರೆ ಅಂಗಡಿ

ನಾರಾಯಣಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಪರಮೇಶ ತನ್ನನ್ನು ತಾನು ವೆಬ್ ಡಿಸೈನರ್ ಎಂದು ಕರೆದುಕೊಳ್ಳುತ್ತಿದ್ದ. ಬೇರೆ ಯಾರೂ ಇನ್ನೂ ಕರೆದಿರಲಿಲ್ಲ. ಅವನ ಮೊದಲ ಗಿರಾಕಿ, ಕೈಮಗ್ಗದ ಸೀರೆ ಮಾರುವ ಈಶ್ವರಿ, ತನ್ನ ಅಂಗಡಿಗೆ ಅವನು ಮಾಡಿದ ಸೈಟು ನೋಡಿ ಮುಖ ಗಂಟು ಹಾಕಿದಳು.

"ಮಕ್ತಲ್‌ದಾಗ ನಮ್ಮ ಅತ್ತಿ ಮಹಾಂತಮ್ಮ ಅದಾಳ. ನಮ್ಮ ಸೀರಿ ಒಯ್ದು ಮನ್ಯಾಗ ಮಾರ್ತಾಳ. ಆಕಿ ಇದರಾಗ ಒಂದು ಸೀರಿ ಆರಿಸಿದ್ರ ಸೈಟು ಇರಲಿ. ಇಲ್ಲಂದ್ರ ಕಿತ್ತು ಹಾಕ್ರಿ, ನನಗ ವಾಟ್ಸಾಪೇ ಸಾಕು."

ಮಕ್ತಲ್ ಬಸ್ಸಿನಲ್ಲಿ ದಾರಿಯುದ್ದಕ್ಕೂ ಪರಮೇಶ ಮೊದಲ ಪುಟದ ವಿಡಿಯೊ ನೆನೆನೆನೆದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಡ್ರೋನಿನಿಂದ ತೆಗೆದ ಕೃಷ್ಣಾ ನದಿ, ಅದರ ಮೇಲೆ ಕುಣಿಯುವ ಅಕ್ಷರ!

ಜೊತೆಗೆ ಬಂದವ ಯಾರು, ಸೈಟು ಯಾರದು ಎಂದು ಈಶ್ವರಿ ಅತ್ತೆಗೆ ಬೇಕೆಂದೇ ಹೇಳಲಿಲ್ಲ. ಮಹಾಂತಮ್ಮ ಕಟ್ಟೆಯ ಮೇಲೆ ಕುಳಿತು ತನ್ನ ಫೋನಿನಲ್ಲಿ ಸೈಟು ತೆರೆದಳು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಆಕೆ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟ ಮೇಲೆ ನದಿ ಬಂತು.

"ಈಶ್ವರೀ, ಈ ಸೈಟಿನವ ಸೀರಿ ಮಾರ್ತಾನೋ ಹೊಳಿ ಮಾರ್ತಾನೋ?"

"ಕೆಳಗ ಸರಸ್ರಿ ಅಮ್ಮಾರ," ಎಂದ ಪರಮೇಶ.

ಕೆಳಗೆ ಸರಿಸಿದರೆ ಸೈಟು ಫೋನ್ ನಂಬರು, ಒಟಿಪಿ ಕೇಳಿತು.

"ಒಟಿಪಿ ಯಾರಿಗೂ ಕೊಡಬ್ಯಾಡ್ರಿ ಅಂತ ಬ್ಯಾಂಕಿನವ್ರು ಬಡಕೋತಾರ. ಇವ ಬಾಗಲಾಗೇ ಕೇಳ್ತಾನ! ಯಾವನೋ ಕಳ್ಳ ಅದಾನ."

ಈಶ್ವರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಪರಮೇಶನಿಗೆ ಆಕೆಯ ಅಂಗಡಿ ನೆನಪಾಯಿತು. ಅಲ್ಲಿ ಬಂದವರ ಹೆಸರು ಕೇಳುವ ಮೊದಲೇ ಗಾದಿಯ ಮೇಲೆ ಸೀರೆ ಬಿಚ್ಚಿ ಸೆರಗು, ಅಂಚು ತೋರಿಸುತ್ತಾರೆ. ತಾನು ಕಟ್ಟಿದ್ದು ಅಂಗಡಿಯಲ್ಲ, ಚೆಕ್‌ಪೋಸ್ಟು.

ಮಹಾಂತಮ್ಮ ಚಹಾ ತರಲು ಒಳಗೆ ಹೋದಳು. ಪರಮೇಶ ತನ್ನ ಫೋನಿನಿಂದಲೇ ಸೈಟಿನೊಳಗೆ ಹೊಕ್ಕು, ಎದೆಯ ಮೇಲೆ ಕಲ್ಲಿಟ್ಟುಕೊಂಡು ನದಿ ಅಳಿಸಿದ. ಕುಣಿಯುವ ಅಕ್ಷರವೂ ಒಟಿಪಿಯೂ ಅದರ ಹಿಂದೆಯೇ ಹೋದವು. ಸೆರಗಿನ ಚಿತ್ರ, ಅಂಚಿನ ಚಿತ್ರ, ಬೆಲೆ, ಕರೆ ಮಾಡುವ ಗುಂಡಿ ಉಳಿದವು. ತಿಂಗಳುಗಟ್ಟಲೆಯ ಜಾಣತನ ಅಳಿಸಲು ಒಂದು ಚಹಾ ಕುದಿಯುವಷ್ಟು ಹೊತ್ತು ಸಾಕಾಯಿತು.

"ಈಗ ನೋಡ್ರಿ ಅಮ್ಮಾರ," ಎಂದು ಚಹಾ ತಂದ ಮಹಾಂತಮ್ಮನಿಗೆ ಹೇಳಿ ಫೋನು ಕಿಸೆಗಿಟ್ಟ.

ಈ ಸಲ ಸೀರೆಗಳು ತಟ್ಟನೆ ಬಂದವು. ಮಹಾಂತಮ್ಮ ಅಂಚನ್ನು ದೊಡ್ಡದು ಮಾಡಿ, ಕಣ್ಣು ಕಿರಿದಾಗಿಸಿ ನೋಡಿದಳು. "ಈ ಅರಿಷಿಣದ್ದು, ಕೆಂಪಂಚಿಂದು ಚಂದೈತಿ. ಎಷ್ಟು ಅದಾವ ಕೇಳ್ತೀನಿ ತಡಿ," ಎಂದು ಗುಂಡಿ ಒತ್ತಿದಳು.

ಪರಮೇಶನ ಕಿಸೆ ಕೂಗಿಕೊಂಡಿತು. ಪರೀಕ್ಷೆಗೆಂದು ಹಾಕಿದ್ದ ತನ್ನದೇ ನಂಬರನ್ನು ತೆಗೆಯಲು ಮರೆತಿದ್ದ.

ಮಹಾಂತಮ್ಮ ಫೋನು ಕಿವಿಗಿಟ್ಟುಕೊಂಡೇ ಅವನತ್ತ ತಿರುಗಿದಳು. "ಓಹೋ, ಆ ಕಳ್ಳ ನೀನೇ ಏನೋ ತಮ್ಮಾ?"

"ನಾನೇ ಅಮ್ಮಾರ."

"ಸೈಟು ಇರಲಿ ಪರಮೇಶಣ್ಣ," ಎಂದಳು ಈಶ್ವರಿ, ನಗು ತಡೆಯದೆ. "ನಂಬರ್ ಮಾತ್ರ ನಂದು ಹಾಕ್ರಿ. ನಮ್ಮತ್ತಿಗೆ ಬೇಕಾಗಿರೋದು ಸೀರಿ, ಜೆರಾಕ್ಸ್ ಅಲ್ಲ."